ಪ್ವೆಬ್ಲೊ ಗ್ರಾಮಗಳೂ ಗಂಟಿನ ಹುರಿಯೂ

‘ಪ್ವೆಬ್ಲೊ’ ಎಂಬ ಸ್ಪ್ಯಾನಿಷ್ ಶಬ್ದಕ್ಕೆ ಗ್ರಾಮವೆಂದೂ ಜನವೆಂದೂ ಎರಡರ್ಥಗಳುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈರುತ್ಯ ಭಾಗದಲ್ಲಿ, ಮುಖ್ಯವಾಗಿ ಈಗಿನ ನ್ಯೂ ಮೆಕ್ಸಿಕೊ ಮತ್ತು ಅರಿಜೋನ ಸೀಮೆಗಳಲ್ಲಿ, ಕಲ್ಲು ಮಣ್ಣುಗಳ ಮನೆಗಳನ್ನು ಒತ್ತಾಗಿ ಕಟ್ಟಿಕೊಂಡು ಮುಸುಕಿನ ಜೋಳವನ್ನು ಬೆಳೆದು ಬಾಳುತ್ತಿದ್ದ ಮೂಲನಿವಾಸಿಗಳಿಗೆ ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಈ ಹೆಸರನ್ನಿಟ್ಟರು. ಹೆಸರು ಒಂದಾದುದರಿಂದ ಭಾಷೆಯೂ ಒಂದೇ ಎಂದು ಭಾವಿಸುವವರುಂಟು. ಅದು ಸರಿಯಲ್ಲ. ಹೋಪಿ, ಜೂನಿ, ಕೆರೆಸ್ ಎಂಬ ಮೂರು ನುಡಿಗಳಿಗೂ, ತೀವ, ತೇವ, ತೋವ ಎಂಬ ನುಡಿಗಳಿರುವ ತಾನೋ ವರ್ಗಕ್ಕೂ ಪರಸ್ಪರ ಸಂಬಂಧವು ಸಿದ್ಧವಾಗಿಲ್ಲ. ಒಂದೇ ಬಗೆಯ ಬಾಳಿಗೆ ನಾಲ್ಕು ಭಾಷಾವರ್ಗಗಳು!

ಮನೆಗಳ ರೀತಿಯಾದರೋ ಬಹುಮಟ್ಟಿಗೆ ಒಂದೇ. ತಾವೊಸ್ ಗ್ರಾಮದಲ್ಲಿ ಹಸಿ ಇಟ್ಟಿಗೆಯ ಮನೆಗಳು ಮೆಟ್ಟಿಲುಮೆಟ್ಟಿಲಾಗಿ ಒಂದರ ಮೇಲೊಂದು ಏರಿರುವುವು. ಹಿಂದೆ ಕೆಳಗಿನ ಅಂತಸ್ತಿಗೆ ಬಾಗಿಲಿರಲಿಲ್ಲ. ಏಣಿಯಿಂದ ಮಾಳಿಗೆಯನ್ನೇರಿ ಅಲ್ಲಿಯ ಕಂಡಿಯಿಂದ ಒಳಗಿಳಿಯಬೇಕಾಗಿದ್ದಿತು. ಶತ್ರು ಬಂದಾಗ ಏಣಿಯನ್ನೆಳೆದುಕೊಂಡರೆ ಮನೆಯ ಗೋಡೆಯೇ ಕೋಟೆ. ಅಕೋಮ ಗ್ರಾಮವು 350 ಅಡಿಗಳಿಗೂ ಮಿಕ್ಕ ಎತ್ತರದ ಕಡಿದಾದ ಬಂಡೆಯ ನೆತ್ತಿಯಲ್ಲಿದೆ. 1599ರಲ್ಲಿ ಸ್ಪೇನಿನ ಸೈನಿಕರು ಅದನ್ನು ಹಾಳುಗೆಡವಿದರು. ಇಪ್ಪತ್ತೈದು ವಯಸ್ಸು ಮೀರಿದ ಗಂಡಸರ ಒಂದೊಂದು ಪಾದವನ್ನು ಕಡಿಯಬೇಕೆಂದು ತೀರ್ಪಾಯಿತು. ಮೂವತ್ತು ವರ್ಷಗಳ ತರುವಾಯ ಅದೇ ಬಂಡೆಯ ಮೇಲೆ ದೊಡ್ಡ ಇಗರ್ಜಿಯ ಕಟ್ಟಡ ಮೊದಲಾಯಿತು. ತೊಲೆಗಳನ್ನೂ ಮಣ್ಣನ್ನೂ ಮೇಲಕ್ಕೆ ಹೊತ್ತವರು ಆ ಗ್ರಾಮದವರೇ. ಇಗರ್ಜಿಯನ್ನು ಹೊಗಳುವ ಯಾತ್ರಿಕರು ಹಲವರು. ಹೊತ್ತ ಹೆಗಲನ್ನು ನೆನೆಯುವವರು ವಿರಳ.

ಇಂಥ ಭಾರವು ಅಕೋಮಕ್ಕೆ ಮಾತ್ರ ಬಂದುದಲ್ಲ. 1675ರಲ್ಲಿ ಹಲವು ಗ್ರಾಮಗಳ 47 ಮಂದಿ ಧರ್ಮಪ್ರಮುಖರನ್ನು ಮಾಟದ ಆರೋಪದ ಮೇಲೆ ಹಿಡಿದು ದಂಡಿಸಿದರು. ಚಾವಟಿಯೇಟು ತಿಂದವರಲ್ಲಿ ತೇವ ನುಡಿಯ ಪೊಪೇ ಎಂಬವನೊಬ್ಬ. ಆತನೂ ಆತನ ಜೊತೆಗಾರರೂ ತಾವೊಸಿನಲ್ಲಿ ಕುಳಿತು ದಂಗೆಯನ್ನು ಹೂಡಿದರು. ಆದರೆ ಭಿನ್ನಭಾಷೆಗಳ ಗ್ರಾಮಗಳೆಲ್ಲ ಒಂದೇ ದಿನ ಏಳುವುದು ಹೇಗೆ? ಎರಡು ಮೂರು ನುಡಿ ಬಲ್ಲವರು ಅಲ್ಲಲ್ಲಿ ಇದ್ದರೆಂಬುದು ನಿಜ. ದಿನವನ್ನು ತಪ್ಪದೆ ತಿಳಿಸುವುದಕ್ಕೆ ಅಷ್ಟು ಸಾಲದು. 1681ರಲ್ಲಿ ಸ್ಪೇನಿನವರ ಮುಂದೆ ಪೆದ್ರೊ ನರಾಂಹೊ ಎಂಬ ಕೆರೆಸ್ ವೃದ್ಧನು ಕೊಟ್ಟ ಹೇಳಿಕೆಯಲ್ಲಿ ಇದಕ್ಕೆ ಉತ್ತರವುಂಟು. ಕತ್ತಾಳೆ ನಾರಿನ ಹುರಿಯಲ್ಲಿ ಗಂಟುಗಳನ್ನು ಹಾಕಿ, ಚುರುಕಾಗಿ ಓಡಬಲ್ಲ ತರುಣರ ಕೈಯಲ್ಲಿ ಊರೂರಿಗೆ ಕಳುಹಿದರು. ಒಪ್ಪಿದ ಊರಿನವರು ಒಂದು ಗಂಟನ್ನು ಬಿಚ್ಚುವರು. ಉಳಿದ ಗಂಟುಗಳೆಷ್ಟೋ ಉಳಿದ ದಿನಗಳಷ್ಟು. ಬಿಚ್ಚಿದ ಗಂಟು ಸಮ್ಮತಿಯನ್ನೂ, ಬಿಚ್ಚದವು ಸಂಖ್ಯೆಯನ್ನೂ ಸೂಚಿಸುವುವು; ಯಾವ ಭಾಷೆಯವನಿಗೂ ಅನುವಾದ ಬೇಡ. ಲಿಪಿಯಿಲ್ಲದವರಿಗೆ ವಿದ್ಯೆಯಿಲ್ಲವೆಂಬ ಮಾತನ್ನು, ಗುರುಮುಖದಿಂದ ವೇದವನ್ನುಳಿಸಿಕೊಂಡ ದೇಶದ ವಿದ್ವಾಂಸರು ಒಪ್ಪಲಾರರು.

ದೂತರಿಬ್ಬರು ಸೆರೆಸಿಕ್ಕಿದುದರಿಂದ ಗೊತ್ತಾದ ದಿನಕ್ಕೆ ಮುಂಚೆಯೇ, 1680ರ ಆಗಸ್ಟ್ 10ರಂದು, ದಂಗೆಯೆದ್ದಿತು. 21 ಮಂದಿ ಪಾದ್ರಿಗಳು ಸೇರಿ ಸುಮಾರು 400 ಮಂದಿ ಸ್ಪೇನಿನವರು ಹತರಾದರು. ಉಳಿದವರು ನಾಡನ್ನೇ ಬಿಟ್ಟು ನಡೆದರು. ಮತ್ತೆ ಬಂದುದು 1692ರಲ್ಲಿ.

ಪೊಪೇ ಹುಟ್ಟಿದ ಗ್ರಾಮಕ್ಕೆ ಸ್ಪೇನಿನವರಿಟ್ಟಿದ್ದ ಸಾನ್ ಹ್ವಾನ್ ಎಂಬ ಹೆಸರನ್ನು ಗ್ರಾಮದವರು 2005ರಲ್ಲಿ ಬಿಟ್ಟು, ಓಕೇ ಒವಿಂಗೆ ಎಂಬ ತೇವ ಹೆಸರನ್ನೇ ಮರಳಿ ತಂದರು. ಅದೇ ವರ್ಷ ವಾಷಿಂಗ್ಟನ್ನಿನ ಶಾಸನಸಭಾಭವನದಲ್ಲಿ ಆತನ ಅಮೃತಶಿಲೆಯ ಪ್ರತಿಮೆಯನ್ನು ನಿಲ್ಲಿಸಿದರು. ಅದನ್ನು ಕಡೆದ ಶಿಲ್ಪಿ ತೋವ ನುಡಿಯ ಹೆಮೆಸ್ ಗ್ರಾಮದವನು. ಪ್ರತಿಮೆಯ ಬೆನ್ನಿನಲ್ಲಿ ಚಾವಟಿಯ ಬಾಸುಂಡೆಗಳು. ಕೈಯಲ್ಲಿ ಗಂಟಿನ ಹುರಿ.