ಬೆಂಕಿಯನ್ನು ಸಹಿಸುವ ಲೋಹ

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಎಕಂಬಾದಂತಹ ಹಳ್ಳಿಗಳವರಿಗೆ ಜೆಟ್ ವಿಮಾನವೆಂಬುದು ಕೇವಲ ಪತ್ರಿಕೆಯಲ್ಲಿ ಓದುವ ಸಂಗತಿಯಲ್ಲ. ಜಿಲ್ಲೆಯ ಮುಖ್ಯ ಪಟ್ಟಣದಲ್ಲಿಯೇ ಭಾರತೀಯ ವಾಯುಪಡೆಯ ತರಬೇತಿ ನೆಲೆಯಿದೆ. 2008ರಲ್ಲಿ ಹಾಕ್ ಎಂಬ ಜೆಟ್ ವಿಮಾನಗಳು ಅಲ್ಲಿಗೆ ಬಂದು ಸೇರಿದವು. ಅವುಗಳನ್ನೇರುವ ತರುಣ ವೈಮಾನಿಕನ ಪ್ರಾಣವು ಅವನ ಧೈರ್ಯವನ್ನೂ ಗುರುಗಳ ಶಿಕ್ಷಣವನ್ನೂ ಎಷ್ಟು ಅವಲಂಬಿಸಿದೆಯೋ, ಎಂಜಿನಿನೊಳಗೆ ಉರಿಯುವ ಅನಿಲದ ಬಾಯಲ್ಲಿ ತಿರುಗುವ ಚಿಕ್ಕ ಚಿಕ್ಕ ಲೋಹದ ಅಲಗುಗಳನ್ನೂ ಅಷ್ಟೇ ಅವಲಂಬಿಸಿದೆ. ಅಂತಹ ಲೋಹಗಳ ಒಡಲನ್ನು ಅರಿಯುವುದಕ್ಕಾಗಿ ನಮ್ಮ ಬೆಂಗಳೂರಿನಲ್ಲಿ ದಶಕಗಳ ಕಾಲ ದುಡಿದ ವಿದ್ವಾಂಸರೊಬ್ಬರ ಕಾರ್ಯವನ್ನು ವಾಚಕರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಸ್ನಾನದ ನೀರು ಕಾಯಿಸುವ ಒಲೆಯ ಕಬ್ಬಿಣದ ಸಲಾಕೆಗಳನ್ನು ಮನೆವಾರ್ತೆ ನೋಡುವವರೆಲ್ಲರೂ ಬಲ್ಲರು. ಹೊಸದರಲ್ಲಿ ನೆಟ್ಟಗಿದ್ದ ಸಲಾಕೆಯು ಕೆಲವು ವರ್ಷಗಳಲ್ಲಿ ಹಂಡೆಯ ಭಾರಕ್ಕೆ ನಡುವೆ ಜೋತುಬೀಳುತ್ತದೆ. ಅದು ಕರಗಿದ್ದಲ್ಲ, ಮುರಿದದ್ದೂ ಅಲ್ಲ. ಕಾದ ಸ್ಥಿತಿಯಲ್ಲಿ ಭಾರವನ್ನು ಹೊತ್ತು ಹೊತ್ತು, ದಿನಕ್ಕಿಷ್ಟೆಂಬಂತೆ ಮೆಲ್ಲಮೆಲ್ಲನೆ ಸಡಿಲಿದ್ದು. ವಿಮಾನದ ಅಲಗಿಗೂ ಇದೇ ಶತ್ರು. ಈಗಿನ ದೊಡ್ಡ ಎಂಜಿನುಗಳಲ್ಲಿ ಅನಿಲದ ಉಷ್ಣವು ಲೋಹವು ಕರಗುವ ಮಟ್ಟವನ್ನೇ ಮೀರಿರುತ್ತದೆ. ಅಲಗಿನ ಒಳಗೆ ಸಣ್ಣ ನಾಳಗಳನ್ನಿರಿಸಿ ಗಾಳಿಯನ್ನು ಹರಿಸಿ, ಮೈಗೆ ಪಿಂಗಾಣಿಯಂತಹ ಲೇಪವನ್ನು ಕೊಟ್ಟು ಅದನ್ನು ಕಾಪಾಡುತ್ತಾರೆ. ಇಷ್ಟು ಮಾಡಿದರೂ ಅಲಗು ತುಸುವೇ ನೀಳವಾಗಿ ಹೊರಗವಚಕ್ಕೆ ತಗುಲಿತೆಂದರೆ ಅನರ್ಥವಾಗುವುದು.

ಲೋಹಕ್ಕೆ ಲೋಹವನ್ನು ಬೆರೆಸಿ ಗುಣವನ್ನು ಬದಲಿಸುವ ವಿದ್ಯೆ ಬೀದರಿನವರಿಗೆ ಹೊಸದಲ್ಲ. ಬಿದರಿ ಪಾತ್ರೆಯಲ್ಲಿ ಬಹುಪಾಲು ಸತುವು, ಸ್ವಲ್ಪ ತಾಮ್ರ. ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಅದರ ಮೈ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿಯು ಬೆಳ್ಳಗೆ ಉಳಿಯುತ್ತದೆ. ಆ ಕಪ್ಪಿನ ಗುಟ್ಟು ಬೆರೆತ ಅಲ್ಪ ತಾಮ್ರದಲ್ಲಿದೆ. ಆದರೆ ಸತುವು 419 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವಂತಹದು. ಎಂಜಿನಿನ ಅಲಗಿಗೆ 1455 ಡಿಗ್ರಿಯಲ್ಲಿ ಕರಗುವ ನಿಕ್ಕಲ್ಲಿನಂತಹ ಲೋಹವು ಬೇಕು. ನಿಕ್ಕಲ್ಲಿಗೆ ಅಲ್ಯೂಮಿನಿಯಮ್ ಮೊದಲಾದವನ್ನು ಬೆರೆಸಿ ತಕ್ಕ ರೀತಿಯಲ್ಲಿ ಕಾಯಿಸಿದರೆ, ಗಾರೆಯ ನಡುವೆ ಇಟ್ಟಿಗೆಗಳನ್ನು ಒತ್ತಾಗಿ ಜೋಡಿಸಿದಂತೆ, ಅದರೊಳಗೆ ಅತಿ ಸೂಕ್ಷ್ಮವಾದ ಘನಾಕೃತಿಯ ಕಣಗಳು ತಾವಾಗಿಯೇ ಮೂಡುತ್ತವೆ. ಲೋಹವು ಜಾರದಂತೆ ತಡೆಯುವ ಗೋಡೆ ಇದೇ.

ಈ ಇಟ್ಟಿಗೆಗಳನ್ನು ನೋಡುವುದೆಂತು? ತಲೆಗೂದಲಿನ ದಪ್ಪದಲ್ಲಿ ಇಂತಹವು ನೂರಾರು ಹಿಡಿಸುತ್ತವೆ. ಬೆಳಕಿನ ಅಲೆಯೇ ಇವುಗಳಷ್ಟು ದೊಡ್ಡದಾದುದರಿಂದ, ಬೆಳಕನ್ನು ನಂಬಿದ ಸೂಕ್ಷ್ಮದರ್ಶಕವು ಇಲ್ಲಿ ಸೋಲುತ್ತದೆ. 1931ರಲ್ಲಿ ಬರ್ಲಿನ್ನಿನ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್ ಎಂಬವರು ಬೆಳಕಿಗೆ ಬದಲು ಎಲೆಕ್ಟ್ರಾನುಗಳ ಕಿರಣವನ್ನು ಬಳಸುವ ಯಂತ್ರವನ್ನು ರಚಿಸಿದರು. ಅದಕ್ಕಾಗಿ ರುಸ್ಕಾ ಅವರಿಗೆ ನೊಬೆಲ್ ಬಹುಮಾನ ಬಂದುದು 1986ರಲ್ಲಿ. ಐವತ್ತೈದು ವರ್ಷಗಳ ಮೇಲೆ! ಕಿರಣವು ಹಾಯ್ದುಹೋಗಬೇಕಾದರೆ ಲೋಹದ ತುಣುಕನ್ನು ಇಟ್ಟಿಗೆಗಿಂತಲೂ ತೆಳ್ಳಗೆ ಸವೆಸಬೇಕು. ಅನೇಕ ದಿನಗಳ ಶ್ರಮವು ಒಂದು ರಂಧ್ರದಿಂದ ವ್ಯರ್ಥವಾಗುವುದುಂಟು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರದ ವಿಭಾಗವು 1945ರಲ್ಲಿ ಆರಂಭವಾಯಿತು. ಅಲ್ಲಿಯ ಪ್ರಾಧ್ಯಾಪಕ ಕಮಾನಿಯೊ ಚಟ್ಟೋಪಾಧ್ಯಾಯರು ಈ ಎಲೆಕ್ಟ್ರಾನ್ ಕಣ್ಣಿನಿಂದಲೇ ಹೆಸರಾದವರು. ಸಮವಾದ ಐದು ಮೂಲೆಯ ಬಿಲ್ಲೆಗಳಿಂದ ನೆಲವನ್ನು ಸಂದಿಲ್ಲದೆ ಹಾಸಲಾಗದು. ಅಂತೆಯೇ ಹರಳುಗಳಲ್ಲಿ ಐದರ ಸಮರೂಪವು ಅಸಾಧ್ಯವೆಂದು ಶಾಸ್ತ್ರವು ಸಾರುತ್ತಿತ್ತು. 1982ರಲ್ಲಿ ಡಾನ್ ಶೆಕ್ಟ್‌ಮನ್ ಎಂಬವರು ಥಟ್ಟನೆ ತಣಿಸಿದ ಅಲ್ಯೂಮಿನಿಯಮ್-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಅದನ್ನೇ ಕಂಡು, 1984ರಲ್ಲಿ ಪ್ರಕಟಿಸಿದರು. ಮರುವರ್ಷವೇ ಚಟ್ಟೋಪಾಧ್ಯಾಯ, ಎಸ್. ರಂಗನಾಥನ್, ಜಿ. ಎನ್. ಸುಬ್ಬಣ್ಣ ಮೊದಲಾದವರು ಈ ಮಿಶ್ರಲೋಹಗಳಲ್ಲಿ ತಾವು ಕಂಡುದನ್ನು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಪದರಗಳೊಳಗೆ ಹತ್ತರ ಸಮರೂಪವುಳ್ಳ ಇನ್ನೊಂದು ಬಗೆಯ ರಚನೆಯು ಅಮೆರಿಕದಲ್ಲಿಯೂ ಬೆಂಗಳೂರಿನಲ್ಲಿಯೂ ಬೇರೆ ಬೇರೆಯಾಗಿ ಕಂಡುಬಂದಿತು.

ಹೀಗೆ ಪಳಗಿದ ಕಣ್ಣು ಮುಂದೆ ಬೆಂಕಿಯ ಲೋಹದ ಕಡೆಗೂ ತಿರುಗಿತು. 1495 ಡಿಗ್ರಿಯಲ್ಲಿ ಕರಗುವ ಕೋಬಾಲ್ಟು ನಿಕ್ಕಲ್ಲಿಗಿಂತ ಹೆಚ್ಚಿನ ತಾಪವನ್ನು ಸಹಿಸಬಲ್ಲುದು. ಆದರೆ ಅದರೊಳಗೆ ಆ ಇಟ್ಟಿಗೆಗಳನ್ನು ನಿಲ್ಲಿಸುವುದು ಕಷ್ಟವಾಗಿತ್ತು. 2006ರಲ್ಲಿ ಜಪಾನಿನ ಸಂಶೋಧಕರು ಅಲ್ಯೂಮಿನಿಯಮ್ಮಿನೊಡನೆ ಟಂಗ್‌ಸ್ಟನ್ ಬೆರೆಸಿ ಅವನ್ನು ಮೂಡಿಸಿದರು. ಟಂಗ್‌ಸ್ಟನ್ನಾದರೋ ಕೋಬಾಲ್ಟಿನ ಎರಡು ಪಟ್ಟಿಗೂ ಹೆಚ್ಚು ತೂಕದ್ದು. ಆಕಾಶದಲ್ಲಿ ಹಾರುವ ಯಂತ್ರಕ್ಕೆ ತೂಕವೇ ದೊಡ್ಡ ಸಾಲ. 2015ರಲ್ಲಿ ಚಟ್ಟೋಪಾಧ್ಯಾಯರೂ ಸುರೇಂದ್ರ ಮಾಕಿನೇನಿ ಮೊದಲಾದ ಸಹೋದ್ಯೋಗಿಗಳೂ ಟಂಗ್‌ಸ್ಟನ್ನನ್ನು ಬಿಟ್ಟು, ನೂರು ಪರಮಾಣುಗಳಲ್ಲಿ ಹತ್ತು ಅಲ್ಯೂಮಿನಿಯಮ್, ಐದು ಮಾಲಿಬ್ಡಿನಮ್, ಎರಡು ನಿಯೋಬಿಯಮ್, ಉಳಿದುದು ಕೋಬಾಲ್ಟು ಎಂಬ ಪಾಕದಲ್ಲಿ ಅದೇ ರಚನೆಯನ್ನು ಪಡೆದರು. ಇದಕ್ಕೆ ನಿಕ್ಕಲ್ಲನ್ನು ಕೂಡಿಸಿದಾಗ ಆ ರಚನೆ ಇನ್ನೂ ಹೆಚ್ಚಿನ ಉಷ್ಣದವರೆಗೆ ಅಳಿಯದೆ ನಿಂತಿತು.

ಪ್ರಯೋಗಶಾಲೆಯ ಮೂಸೆಯಿಂದ ವಿಮಾನದ ಎಂಜಿನಿನವರೆಗಿನ ದಾರಿಯು ದೀರ್ಘವಾದುದು. 1989ರಲ್ಲಿ ನಮ್ಮ ದೇಶವು ಕೈಗೊಂಡ ಕಾವೇರಿ ಎಂಜಿನಿನ ಯೋಜನೆಯನ್ನು 2008ರಲ್ಲಿ ತೇಜಸ್ ವಿಮಾನದಿಂದ ಬೇರ್ಪಡಿಸಬೇಕಾಯಿತು. ತೇಜಸ್ ಅಮೆರಿಕದ ಎಂಜಿನಿನಿಂದ ಹಾರಿತು. ಇದಕ್ಕೆ ಕಾರಣಗಳು ಹಲವು. ತಾಪವನ್ನು ತಡೆಯುವ ಅಲಗುಗಳ ವಿದ್ಯೆ ನಮಗೆ ಪೂರ್ಣವಾಗಿ ಕೈಗೂಡದಿದ್ದುದೂ ಅವುಗಳಲ್ಲೊಂದು. ಈ ವಿದ್ಯೆಯನ್ನು ಬಲ್ಲ ದೇಶಗಳು ಕೆಲವೇ. ಅವು ಅದನ್ನು ಸುಲಭವಾಗಿ ಮಾರುವುದೂ ಇಲ್ಲ. ನಾವೇ ಅದನ್ನು ಸಂಪಾದಿಸಬೇಕು.

ಮನೆಯ ಮಗನೋ ಮಗಳೋ ಇಂತಹ ಶಾಸ್ತ್ರವನ್ನು ಆರಿಸಿಕೊಂಡರೆ, ಐದು ವರ್ಷಗಳಲ್ಲಿ ಫಲವೇನೆಂದು ಕೇಳುವ ಆತುರವನ್ನು ಹಿರಿಯರು ಬಿಡಬೇಕು. ಅಡಿಗೆಯ ಹದವೇ ಒಂದು ದಿನದಲ್ಲಿ ಕೈಗೆ ಬಾರದಿರುವಾಗ, ಲೋಹದ ಹದವು ತಲೆಮಾರುಗಳನ್ನೇ ಬೇಡಿದರೆ ಆಶ್ಚರ್ಯವೇನು?