ಘಟ್ಟ ಮತ್ತು ಕಡಲ ದಾರಿಯ ಶೈಕ್ಷಣಿಕ ಪ್ರವಾಸ: ಯೋಜನೆಯ ಕ್ರಮ

ಶಾಲೆಯ ಪ್ರವಾಸದ ಸಿದ್ಧತೆ ಸಾಮಾನ್ಯವಾಗಿ ನೋಡತಕ್ಕ ಸ್ಥಳಗಳ ಪಟ್ಟಿಯಿಂದ ಆರಂಭವಾಗುತ್ತದೆ. ಮಕ್ಕಳು ಹತ್ತು ಹೆಸರು ಹೇಳುತ್ತಾರೆ, ಅಧ್ಯಾಪಕರು ಐದನ್ನು ಸೇರಿಸುತ್ತಾರೆ, ಬಸ್ಸಿನವರು ತಮಗೆ ರೂಢಿಯಾದ ಇನ್ನೆರಡನ್ನು ತುರುಕುತ್ತಾರೆ. ಆಮೇಲೆ ಇಷ್ಟೂ ಸ್ಥಳಗಳನ್ನು ಮೂರೋ ನಾಲ್ಕೋ ದಿನಗಳಲ್ಲಿ ಹೊಂದಿಸುವ ಕಸರತ್ತು. ಹಗಲು ಸಾಲದಾಗ ರಾತ್ರಿಯ ಪ್ರಯಾಣ ತಾನಾಗಿಯೇ ಒಳನುಗ್ಗುತ್ತದೆ. ಈ ಕ್ರಮ ತಲೆಕೆಳಗಾದದ್ದು. ಘಟ್ಟವನ್ನೂ ಕಡಲನ್ನೂ ಒಂದೇ ಪ್ರವಾಸದಲ್ಲಿ ಕಾಣಬೇಕಾದರೆ ಮೊದಲು ಎಣಿಸಬೇಕಾದುದು ಹಗಲಿನ ಗಂಟೆಗಳನ್ನು. ಸ್ಥಳಗಳ ಆಯ್ಕೆ ಅನಂತರದ್ದು.

2022ರ ಅಕ್ಟೋಬರಿನಲ್ಲಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯ ಬಳಿ ಊಟಿಗೆ ಹೊರಟಿದ್ದ ಶಾಲಾ ಪ್ರವಾಸದ ಬಸ್ಸು ನಡುರಾತ್ರಿಯ ಸುಮಾರಿಗೆ ಸರಕಾರಿ ಬಸ್ಸಿಗೆ ಗುದ್ದಿ, ಐವರು ವಿದ್ಯಾರ್ಥಿಗಳೂ ಸೇರಿ ಒಂಬತ್ತು ಮಂದಿ ತೀರಿಹೋದರು. ರಾತ್ರಿ ಪ್ರಯಾಣ ಕೂಡದು, ಹೊರಡುವ ಮುನ್ನ ಮೋಟಾರು ವಾಹನ ಇಲಾಖೆಗೆ ತಿಳಿಸಬೇಕು ಎಂಬ ಸೂಚನೆಗಳನ್ನು ಕಾಗದದ ಕಟ್ಟುಪಾಡು ಎಂದು ಎಣಿಸುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಸಂಜೆ ಆರೂವರೆಗೆ ಬಸ್ಸು ತಂಗುದಾಣದ ಅಂಗಳದಲ್ಲಿ ನಿಂತಿರಬೇಕು ಎಂಬುದು ಯೋಜನೆಯ ಮೊದಲ ಸಾಲಾಗಿರಲಿ. ಉಳಿದೆಲ್ಲ ಸಾಲುಗಳೂ ಅದಕ್ಕೆ ಹೊಂದಿಕೊಳ್ಳಲಿ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಒಪ್ಪುವ ನಾಲ್ಕು ದಿನಗಳ ಸುತ್ತು ದಾರಿಯೊಂದನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ: ಕಾಸರಗೋಡು, ಸುಳ್ಯ, ಮಡಿಕೇರಿ, ಕುಟ್ಟ, ಮಾನಂತವಾಡಿ, ಪೇರಿಯ ಘಾಟಿ, ತಲಶ್ಶೇರಿ, ಕಣ್ಣೂರು, ಮತ್ತೆ ಕಾಸರಗೋಡು. ಈ ದಾರಿಯ ಗುಣವೆಂದರೆ ಇದಕ್ಕೊಂದು ಹುರಿ ಇದೆ. ಆ ಹುರಿ ನೀರಿನದು. ಕಾಸರಗೋಡಿನ ಮಕ್ಕಳು ದಿನವೂ ದಾಟುವ ಚಂದ್ರಗಿರಿ ಹೊಳೆಯೇ ಮೇಲೆ ಪಯಸ್ವಿನಿ. ಅದು ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಸುಳ್ಯಗಳನ್ನು ಹಾದು ಕೆಳಗಿಳಿಯುತ್ತದೆ. ಅಳಿವೆಯಿಂದ ಹೊರಟು ಹೊಳೆಯ ಎದುರು ದಿಕ್ಕಿನಲ್ಲಿ ಹತ್ತಿಹೋಗುವ ಪ್ರಯಾಣವಿದು. ಮಡಿಕೇರಿಯಿಂದ ಮುಂದೆ ನೀರು ಮೂಡುಮುಖವಾಗಿ ಕಾವೇರಿಯನ್ನು ಸೇರುತ್ತದೆ. ವಯನಾಡು ಕೇರಳದ್ದಾದರೂ ಅಲ್ಲಿನ ಕಬಿನಿ ಹರಿಯುವುದು ಮೂಡಲಿಗೇ; ಕೇರಳದ ಬಹುಪಾಲು ಹೊಳೆಗಳು ಪಡುವಲಿಗೆ ಹರಿದರೆ ಕಬಿನಿ, ಭವಾನಿ, ಪಾಂಬಾರ್ ಎಂಬ ಮೂರು ಮಾತ್ರ ಮೂಡುಮುಖದವು. ನಾಲ್ಕನೆಯ ದಿನ ಪೇರಿಯದಲ್ಲಿ ಘಟ್ಟ ಇಳಿಯುವಾಗ ನೀರು ಮತ್ತೆ ಪಡುಗಡಲ ಕಡೆಗೆ ತಿರುಗುತ್ತದೆ. ಎರಡು ಸಲ ನೀರಿನ ಗಡಿ ದಾಟಿದ ಮಗುವಿಗೆ ಜಲವಿಭಾಜಕ ಎಂಬ ಪಾರಿಭಾಷಿಕ ಪದವನ್ನು ವಿವರಿಸಲು ಕರಿಹಲಗೆ ಬೇಕಾಗುವುದಿಲ್ಲ.

ಇನ್ನು ಲೆಕ್ಕ. ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯಗಳ ಮೂಲಕ ಮಡಿಕೇರಿಗೆ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಹೆದ್ದಾರಿಯಲ್ಲಿ ಇದು ಎರಡು ಗಂಟೆಯ ಮಾತು ಎಂದು ತೋರಬಹುದು. ಆದರೆ ಸಂಪಾಜೆಯಿಂದ ಮಡಿಕೇರಿಯವರೆಗಿನ ಏರುದಾರಿಯಲ್ಲಿ ತುಂಬಿದ ಬಸ್ಸು ಗಂಟೆಗೆ 25ರಿಂದ 30 ಕಿಲೋಮೀಟರಿಗಿಂತ ಹೆಚ್ಚು ಸಾಗದು, ಸಾಗಲೂಬಾರದು. ಸಮತಟ್ಟು ದಾರಿಗೆ ಗಂಟೆಗೆ 40, ಘಟ್ಟಕ್ಕೆ 25, ಪ್ರತಿ ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷದ ನಿಲುಗಡೆ ಎಂದು ಹಿಡಿದರೆ ಲೆಕ್ಕ ತಪ್ಪುವುದು ಕಡಿಮೆ. ಈ ಗುಣಾಕಾರ ಭಾಗಾಕಾರಗಳನ್ನು ಅಧ್ಯಾಪಕರೇ ಮಾಡಿ ಮುಗಿಸುವುದು ಸರಿಯಲ್ಲ. ಭೂಪಟವನ್ನು ತರಗತಿಯಲ್ಲಿ ಹರಡಿ, ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ದಿನದ ದಾರಿಯನ್ನು ಒಪ್ಪಿಸಬೇಕು. ಅವರು ತಯಾರಿಸುವ ವೇಳಾಪಟ್ಟಿ ಅಚ್ಚಕನ್ನಡದ ಬರವಣಿಗೆಯಾಗುತ್ತದೆ. ಪಠ್ಯಪುಸ್ತಕದ ಯಾವ ಪ್ರಬಂಧಕ್ಕೂ ಸಿಗದ ಅಗತ್ಯ ಅದಕ್ಕೆ ಇರುತ್ತದೆ, ಯಾಕೆಂದರೆ ಅದರಲ್ಲಿ ತಪ್ಪಿದ್ದರೆ ಊಟ ತಡವಾಗುತ್ತದೆ.

ಕಾಲದ ಆಯ್ಕೆ ದಾರಿಯ ಆಯ್ಕೆಯಷ್ಟೇ ಮುಖ್ಯ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಸುತ್ತಿನ ಗುಡ್ಡಗಳು ಕುಸಿದು ಸಂಪಾಜೆ ಘಾಟಿ ಕಡಿದುಹೋಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣಿನಡಿಯಾದವು. ಜೂನಿನಿಂದ ಅಕ್ಟೋಬರಿನ ತನಕ ಘಟ್ಟದ ಪ್ರವಾಸದ ಮಾತೆತ್ತಬಾರದು. ಡಿಸೆಂಬರಿನಿಂದ ಫೆಬ್ರವರಿ ಮೊದಲ ವಾರದವರೆಗಿನ ದಿನಗಳು ಉತ್ತಮ: ಆಕಾಶ ತಿಳಿಯಾಗಿರುತ್ತದೆ, ಹೊಳೆಗಳಲ್ಲಿ ಇನ್ನೂ ನೀರಿರುತ್ತದೆ. ಆದರೆ ಮುಂಜಾನೆ ಮಂಜು ದಟ್ಟವಾಗಿ ಕವಿಯುವುದರಿಂದ ಘಟ್ಟದ ದಾರಿಯನ್ನು ಬಿಸಿಲೇರುವ ಮುನ್ನ ಹಿಡಿಯಲಾಗದು. ಚಳಿಯ ಲೆಕ್ಕವನ್ನೂ ಮಕ್ಕಳೇ ಹಾಕಬಹುದು. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕರಾವಳಿಯ ಮಕ್ಕಳು ಕಂಬಳಿ ತರಬೇಕೇ ಬೇಡವೇ ಎಂಬುದು ಇಲ್ಲಿಂದ ಹೊರಡುವ ಉತ್ತರ.

ಮೊದಲ ದಿನ ಬೆಳಗ್ಗೆ ಏಳಕ್ಕೆ ಹೊರಟು, ಚಂದ್ರಗಿರಿ ಸೇತುವೆಯ ಬಳಿ ಸುರಕ್ಷಿತ ಜಾಗದಲ್ಲಿ ಒಮ್ಮೆ ಇಳಿಸಿ ಅಳಿವೆಯ ದಿಕ್ಕನ್ನು ತೋರಿಸಬೇಕು. ಮುಂದೆ ಸುಳ್ಯದಲ್ಲಿ ಅದೇ ನೀರನ್ನು ಮತ್ತೆ ಕಾಣುವರು. ಮಧ್ಯಾಹ್ನದ ಊಟಕ್ಕೆ ಮಡಿಕೇರಿ, ಸಂಜೆಗೆ ರಾಜಾಸೀಟಿನಿಂದ ಕಣಿವೆಯ ನೋಟ. ಮೊದಲ ದಿನಕ್ಕೆ ಇಷ್ಟು ಸಾಕು. ತಲಕಾವೇರಿಯನ್ನೂ ಸೇರಿಸಬೇಕೆಂಬ ಆಸೆ ಸಹಜವೇ. ಆದರೆ ಭಾಗಮಂಡಲಕ್ಕೆ ಹೋಗಿ ಬರುವುದರಲ್ಲಿಯೇ ಅರ್ಧ ದಿನ ಕಳೆಯುತ್ತದೆ. ಐದನೆಯ ದಿನ ಕೈಯಲ್ಲಿದ್ದರೆ ಮಾತ್ರ ಅದನ್ನು ಎತ್ತಿಕೊಳ್ಳಬೇಕು. ಮಡಿಕೇರಿಯ ಪೇಟೆಯಲ್ಲಿ ಮಕ್ಕಳನ್ನು ಒಂದು ಗಂಟೆ ನಡೆದಾಡಿಸುವುದನ್ನು ಮಾತ್ರ ಬಿಡಬಾರದು. ಬಸ್ಸಿನ ಬೋರ್ಡು, ಅಂಗಡಿಯ ರಸೀದಿ, ಕಚೇರಿಯ ನೋಟೀಸು ಎಲ್ಲವೂ ಅಲ್ಲಿ ಕನ್ನಡದಲ್ಲಿವೆ. ಶಾಲೆಯ ಗೋಡೆಯೊಳಗಿನ ಭಾಷೆ ಎಂದು ಕನ್ನಡವನ್ನು ತಿಳಿದಿರುವ ಮಗುವಿಗೆ ಅದು ಪೇಟೆಯ ಭಾಷೆಯಾಗಿಯೂ ಕಾಣಿಸುವುದು ಸಣ್ಣ ಸಂಗತಿಯಲ್ಲ.

ಎರಡನೆಯ ದಿನ ವಿರಾಜಪೇಟೆ, ಗೋಣಿಕೊಪ್ಪ, ಕುಟ್ಟಗಳ ದಾರಿ. ಕಾಫಿ ತೋಟಗಳ ನಡುವಿನ ಈ ದಾರಿ ತೋಲ್ಪೆಟ್ಟಿಯ ಕಾಡನ್ನು ಹಾದು ಮಾನಂತವಾಡಿಗೆ ಸೇರುತ್ತದೆ. ಕಾಡಿನ ನಡುವೆ ಬಸ್ಸು ನಿಲ್ಲಿಸಬಾರದು, ಕಿಟಕಿಯಿಂದ ಏನನ್ನೂ ಎಸೆಯಬಾರದು. ಮೈಸೂರಿನ ಕಡೆಗೆ ಹೋಗುವ ಯೋಚನೆಯಿದ್ದವರು ರಾತ್ರಿ ಸಂಚಾರದ ನಿಷೇಧವನ್ನು ಗಮನಿಸಬೇಕು: ಬತ್ತೇರಿ–ಗುಂಡ್ಲುಪೇಟೆ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ, ಬಾವಲಿ ದಾರಿಯಲ್ಲಿ ಸಂಜೆ 6ರಿಂದಲೇ ದಾರಿ ಮುಚ್ಚಿರುತ್ತದೆ. ಮಾನಂತವಾಡಿಯಲ್ಲಿ ಎರಡು ರಾತ್ರಿ ಒಂದೇ ಕಡೆ ತಂಗುವುದು ಲೇಸು. ದಿನಕ್ಕೊಂದು ಊರಿನಲ್ಲಿ ಗಂಟುಮೂಟೆ ಬಿಚ್ಚಿ ಕಟ್ಟುವುದರಲ್ಲಿ ಕಳೆಯುವ ಹೊತ್ತನ್ನು ಅನುಭವವಿಲ್ಲದವರು ಎಣಿಸುವುದೇ ಇಲ್ಲ. ನಲವತ್ತು ಮಕ್ಕಳೆಂದರೆ ಬೆಳಗ್ಗೆ ಒಂದೂವರೆ ಗಂಟೆ.

ಮೂರನೆಯ ದಿನ ಎಡಕ್ಕಲ್ ಗುಹೆ ಮತ್ತು ಸುಲ್ತಾನ್ ಬತ್ತೇರಿ. ಈ ದಿನಕ್ಕೆ ಅಧ್ಯಾಪಕರು ಹೆಚ್ಚಿನ ಸಿದ್ಧತೆ ನಡೆಸಬೇಕು, ಏಕೆಂದರೆ ಭಾಷೆಯ ಪಾಠಕ್ಕೆ ಇಷ್ಟು ಒದಗುವ ನೆಲ ಬೇರೆಲ್ಲೂ ಸಿಗದು. ಎಡಕ್ಕಲ್ ನಿಜವಾಗಿ ಗುಹೆಯಲ್ಲ. ಬಂಡೆಯ ಸೀಳಿನ ಮೇಲೆ ಇನ್ನೊಂದು ಭಾರೀ ಕಲ್ಲು ಸಿಕ್ಕಿಕೊಂಡು ಮಾಡಾಗಿದೆ. ಎಡೆಯಲ್ಲಿ ನಿಂತ ಕಲ್ಲು ಎಡಕ್ಕಲ್: ಕನ್ನಡ ಬಲ್ಲ ಮಗು ಈ ಹೆಸರನ್ನು ಯಾರ ಸಹಾಯವೂ ಇಲ್ಲದೆ ಬಿಡಿಸಬಲ್ಲದು. ಅಲ್ಲಿನ ಗೀರು ಚಿತ್ರಗಳನ್ನು 1890ರ ದಶಕದಲ್ಲಿ ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಹೊರಜಗತ್ತಿಗೆ ತಿಳಿಸಿದನು. ಭಾರತೀಸುತರ ಕಾದಂಬರಿಯಿಂದಲೂ, ಅದನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1973ರಲ್ಲಿ ತೆಗೆದ ಚಲನಚಿತ್ರದಿಂದಲೂ ಎಡಕಲ್ಲು ಗುಡ್ಡದ ಹೆಸರು ಕನ್ನಡಿಗರಿಗೆ ಹಳೆಯ ಪರಿಚಯ. ಏರುದಾರಿ ಕಡಿದಾದುದರಿಂದ ಬೆಳಗ್ಗೆಯೇ ಹತ್ತಬೇಕು. ಉಬ್ಬಸ ಮೊದಲಾದ ತೊಂದರೆಯಿರುವ ಮಕ್ಕಳಿಗೆ ಹತ್ತಿರದ ಅಂಬಲವಯಲ್ ವಸ್ತುಸಂಗ್ರಹಾಲಯದಲ್ಲಿ ಒಬ್ಬ ಅಧ್ಯಾಪಕರೊಡನೆ ಬೇರೆ ಕೆಲಸ ಕೊಡಬೇಕು. ಗುಹೆಯ ವಾರದ ರಜೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಅಂಬಲವಯಲ್ ಎಂಬ ಹೆಸರೂ ಪಾಠವೇ. ಮಲಯಾಳದ ‘ವಯಲ್’ ಕನ್ನಡದ ‘ಬಯಲು’. ‘ವೇರ್’ ಇಲ್ಲಿ ‘ಬೇರು’. ವಯನಾಡನ್ನು ವಯಲುಗಳ ನಾಡು ಎಂದು ಬಿಡಿಸುವುದು ರೂಢಿ. ಹಾಗೆಯೇ ‘ಪಾಲ್’ ‘ಹಾಲು’ ಆಗಿ, ‘ಪುಲಿ’ ‘ಹುಲಿ’ಯಾಗಿ, ‘ಪುಳ’ ‘ಹೊಳೆ’ಯಾಗಿ ನಿಲ್ಲುತ್ತದೆ. ವಕಾರ ಬಕಾರವಾಗುವ, ಪಕಾರ ಹಕಾರವಾಗುವ ಈ ನಿಯಮಗಳನ್ನು ಸೂತ್ರವಾಗಿ ಹೇಳಿಕೊಡದೆ, ಬಸ್ಸಿನ ಕಿಟಕಿಯಿಂದ ಊರ ಹೆಸರುಗಳನ್ನು ಓದಿ ಬರೆದುಕೊಂಡ ಮಕ್ಕಳೇ ಕಂಡುಹಿಡಿಯುವಂತೆ ಬಿಡಬೇಕು. ಎರಡೂ ಲಿಪಿಗಳನ್ನು ಬಲ್ಲ ಗಡಿನಾಡಿನ ಮಗುವಿಗೆ ಮಾತ್ರ ಸಾಧ್ಯವಾಗುವ ಶೋಧವಿದು. ಬೆಂಗಳೂರಿನ ಮಗುವಿಗೆ ಇದು ಸುಲಭವಾಗಿ ದಕ್ಕದು ಎಂಬ ಮಾತನ್ನು ಅವರಿಗೆ ಹೇಳಿದರೆ ತಪ್ಪಿಲ್ಲ. ಸುಲ್ತಾನ್ ಬತ್ತೇರಿಯ ಹಳೆಯ ಹೆಸರುಗಳಲ್ಲಿ ಒಂದು ‘ಹನ್ನೆರಡು ಬೀದಿ’. ಅಲ್ಲಿ ನೆಲಸಿದ್ದ ಜೈನರ ನೆನಪು ಅದು. ಕಲ್ಲಿನ ಜೈನ ಬಸದಿ ಇಂದಿಗೂ ಪೇಟೆಯಲ್ಲಿಯೇ ಇದೆ. ಈಗಿನ ಹೆಸರಿನ ಬತ್ತೇರಿ ಟಿಪ್ಪುವಿನ ಕಾಲದ ಬ್ಯಾಟರಿ, ಎಂದರೆ ಫಿರಂಗಿ ಮದ್ದುಗುಂಡುಗಳ ನೆಲೆ.

ನಾಲ್ಕನೆಯ ದಿನದ ಇಳಿದಾರಿಯನ್ನು ಆಯ್ದುಕೊಳ್ಳುವುದರಲ್ಲಿ ಹಲವರು ಎಡವುತ್ತಾರೆ. ವಯನಾಡಿನಿಂದ ಇಳಿಯುವುದೆಂದರೆ ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಚುರವೇ ಎಂದು ಮಕ್ಕಳು ಹಟ ಹಿಡಿಯುವರು. ಅದರ ಚೆಲುವಿನ ಬಗ್ಗೆ ಎರಡು ಮಾತಿಲ್ಲ. ಆದರೆ ಆ ದಾರಿ ಇಳಿಸುವುದು ಕೋಝಿಕ್ಕೋಡಿಗೆ. ಅಲ್ಲಿಂದ ಕಾಸರಗೋಡಿಗೆ ಸುಮಾರು 180 ಕಿಲೋಮೀಟರ್. ಘಾಟಿಯಲ್ಲಿ ಲಾರಿಯೊಂದು ಕೆಟ್ಟು ನಿಂತರೆ ದಿನದ ಲೆಕ್ಕವೆಲ್ಲ ನೀರುಪಾಲು. ಮಾನಂತವಾಡಿಯಿಂದ ಪೇರಿಯ, ನೆಡುಂಪೊಯಿಲ್, ಕೂತುಪರಂಬಗಳ ಮೂಲಕ ತಲಶ್ಶೇರಿಗೆ ಸುಮಾರು 80 ಕಿಲೋಮೀಟರ್, ಅಲ್ಲಿಂದ ಮನೆಗೆ ನೂರಿಪ್ಪತ್ತರ ಆಸುಪಾಸು. 2024ರ ಮಳೆಯಲ್ಲಿ ಈ ದಾರಿಯೂ ಬಿರುಕುಬಿಟ್ಟು ತಿಂಗಳುಗಟ್ಟಲೆ ಮುಚ್ಚಿತ್ತಾದ್ದರಿಂದ ಹೊರಡುವ ವಾರದಲ್ಲಿ ಸ್ಥಿತಿಯನ್ನು ವಿಚಾರಿಸಲೇಬೇಕು. ಇಳಿಯುವಾಗ ಚಾಲಕರು ಕೆಳಗಿನ ಗೇರಿನಲ್ಲಿಯೇ ಬರುವಂತೆ ನೋಡಿಕೊಳ್ಳುವುದು ಮುಂದಿನ ಸೀಟಿನಲ್ಲಿ ಕೂತ ಅಧ್ಯಾಪಕರ ಹೊಣೆ. ಬ್ರೇಕನ್ನೇ ನಂಬಿದರೆ ಅದು ಘರ್ಷಣೆಯಿಂದ ಕಾದು ಹಿಡಿತ ಕಳೆದುಕೊಳ್ಳುತ್ತದೆ. ವಾಂತಿಯಾಗುವ ಮಕ್ಕಳಿಗೆ ಮುಂದಿನ ಸಾಲು, ಬೆಳಗ್ಗೆ ಹಗುರವಾದ ತಿಂಡಿ; ಎಣ್ಣೆಯ ಪೂರಿಯನ್ನು ಈ ಒಂದು ದಿನ ಬಿಟ್ಟರೆ ಎಲ್ಲರಿಗೂ ಕ್ಷೇಮ.

ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ಹೆರ್ಮನ್ ಗುಂಡರ್ಟ್ ವಾಸವಾಗಿದ್ದ ಬಂಗಲೆ ಈಗ ವಸ್ತುಸಂಗ್ರಹಾಲಯ. ಅವರ ಮಲಯಾಳ ನಿಘಂಟು ಹೊರಬಂದದ್ದು 1872ರಲ್ಲಿ. ಅದೇ ಬಾಸೆಲ್ ಮಿಶನಿನ ಫರ್ಡಿನಾಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರದು. ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರೆ, ಗುಂಡರ್ಟರ ‘ರಾಜ್ಯಸಮಾಚಾರಂ’ 1847ರಲ್ಲಿ ಇಲ್ಲಿಂದಲೇ ಹೊರಟಿತು. ಶಾಲೆಯ ಕಪಾಟಿನಲ್ಲಿರುವ ಕನ್ನಡ ನಿಘಂಟನ್ನೂ ಮಲಯಾಳ ನಿಘಂಟನ್ನೂ ನೆರೆಯವರಾಗಿ ಕಾಣಲು ಈ ಮನೆಯ ಜಗಲಿ ತಕ್ಕ ಜಾಗ.

ಮುಂದೆ ಮುಝಪ್ಪಿಲಂಗಾಡಿನ ಕಡಲತೀರ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಈ ಗಟ್ಟಿ ಮರಳಿನ ಮೇಲೆ ವಾಹನಗಳು ಓಡುತ್ತವೆ. ಪ್ರವಾಸದ ಬಸ್ಸನ್ನು ಅಲ್ಲಿಗೆ ಇಳಿಸಬಾರದು; ಮಕ್ಕಳು ನಡೆದೇ ಹೋಗಲಿ, ಎರಡೂ ಕಡೆ ವಾಹನ ನೋಡಿಕೊಂಡು. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆಯಾದ್ದರಿಂದ ಆ ದಿನದ ವೇಳೆಯನ್ನು ಸ್ಥಳೀಯ ಮೀನುಗಾರರಲ್ಲಿಯೋ ಕಡಲ ಕಾವಲಿನವರಲ್ಲಿಯೋ ಕೇಳಿಯೇ ನೀರಿನ ಬಳಿ ಬಿಡಬೇಕು, ಅದೂ ಪಾದ ತೋಯುವಷ್ಟೇ. ನಾಲ್ಕು ಗಂಟೆಗೆ ಇಲ್ಲಿಂದ ಹೊರಡದಿದ್ದರೆ ಹೆದ್ದಾರಿಯ ದಟ್ಟಣೆಯಲ್ಲಿ ಮನೆ ತಲಪುವುದು ತೀರಾ ತಡವಾಗುವುದು. ಮೊದಲ ಸಾಲಿನ ಕಟ್ಟಳೆಗೆ ಈ ಕೊನೆಯ ಸಂಜೆಯೊಂದೇ ರಿಯಾಯಿತಿ. ಹೊತ್ತು ಮೀರಿದ್ದರೆ ಕಣ್ಣೂರಿನ ಕೋಟೆಯನ್ನು ಬಿಡಬೇಕು. ಬಿಡುವ ಸ್ಥಳ ಯಾವುದೆಂದು ಮೊದಲೇ ಗುರುತಿಸಿ ಮಕ್ಕಳಿಗೂ ತಿಳಿಸಿದ್ದರೆ ಆ ಹೊತ್ತಿನಲ್ಲಿ ಬೇಸರ ಇರುವುದಿಲ್ಲ.

ಕಾಗದಪತ್ರಗಳ ಮಾತು ಚಿಕ್ಕದು. ದಾರಿ ಕರ್ನಾಟಕವನ್ನು ಹಾಯುವುದರಿಂದ ಬಸ್ಸಿಗೆ ಅಂತರರಾಜ್ಯ ಪರವಾನಗಿ ಬೇಕು. ಫಿಟ್‌ನೆಸ್, ವಿಮೆ, ಚಾಲಕರ ಲೈಸೆನ್ಸುಗಳ ಪ್ರತಿ ಮುಖ್ಯೋಪಾಧ್ಯಾಯರ ಕಡತದಲ್ಲಿರಬೇಕು. ಇಲಾಖೆಯ ಅನುಮತಿ, ರಕ್ಷಕ-ಶಿಕ್ಷಕ ಸಂಘದ ನಿರ್ಣಯ, ಹೆತ್ತವರ ಒಪ್ಪಿಗೆ ಪತ್ರ ತಿಂಗಳ ಮುಂಚೆಯೇ ಆಗಿರಲಿ. ಹದಿನೈದು ಮಕ್ಕಳಿಗೆ ಒಬ್ಬರಂತೆ ಅಧ್ಯಾಪಕರು, ಹೆಣ್ಣುಮಕ್ಕಳಿದ್ದಲ್ಲಿ ಅಧ್ಯಾಪಿಕೆಯರು ಕಡ್ಡಾಯ. ಖರ್ಚಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಹಣವಿಲ್ಲದ ಕಾರಣಕ್ಕೆ ಹಿಂದುಳಿಯುವ ಮಗು ಆ ಕಾರಣವನ್ನು ತರಗತಿಯಲ್ಲಿ ಎದ್ದುನಿಂತು ಹೇಳುವಂತಾಗಬಾರದು. ಹೆಸರು ಕೊಡುವ ಮುನ್ನವೇ ಅಂಥ ಮಕ್ಕಳ ಪಾಲನ್ನು ಸಂಘವು ಹೊಂದಿಸಿರಬೇಕು.

ಹಿಂತಿರುಗಿದ ವಾರ ಪ್ರವಾಸ ಕಥನ ಬರೆಯಿಸುವುದು ವಾಡಿಕೆ. ನಲವತ್ತು ಮಕ್ಕಳೂ ಬೆಳಗ್ಗೆ ಏಳಕ್ಕೆ ಹೊರಟೆವು ಎಂದೇ ಬರೆಯುವ ಈ ವಾಡಿಕೆಯ ಬದಲು, ತಾವು ಮಾಡಿದ್ದ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡು ಅದು ಎಲ್ಲಿ ತಪ್ಪಿತು, ಏಕೆ ತಪ್ಪಿತು, ಮುಂದಿನ ವರ್ಷದ ತರಗತಿಗೆ ಏನನ್ನು ತಿದ್ದಿಕೊಡಬೇಕು ಎಂದು ಪ್ರತಿ ಗುಂಪೂ ಒಂದು ಪತ್ರ ಬರೆಯಲಿ. ಆ ಪತ್ರಗಳು ಶಾಲೆಯ ಪ್ರವಾಸದ ಕಡತದಲ್ಲಿ, ಪರವಾನಗಿಯ ಪ್ರತಿಗಳ ಜೊತೆಯಲ್ಲಿಯೇ ಉಳಿಯಬೇಕು.