ಗೋಡೆಯಿಲ್ಲದ ಸೆರೆಮನೆ

ನಾಸಿಕ ರೋಡಿನ ಮಧ್ಯವರ್ತಿ ಕಾರಾಗೃಹದ ಹೆಸರನ್ನು ಕೇಳದ ವಾಚಕರು ವಿರಳ. ಆದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಬಯಲು ಬಂದೀಖಾನೆಯೊಂದಿದೆಯೆಂಬುದು ಬಹುಜನಕ್ಕೆ ತಿಳಿಯದು. ದೀರ್ಘಾವಧಿಯ ಶಿಕ್ಷೆ ಹೊಂದಿ, ಸನ್ನಡತೆಯಿಂದ ಅಧಿಕಾರಿಗಳ ವಿಶ್ವಾಸ ಗಳಿಸಿದ ಬಂದಿಗಳು ಅಲ್ಲಿ ಹೊಲದಲ್ಲಿ ದುಡಿದು ಕೂಲಿ ಪಡೆಯುತ್ತಾರೆ. ಶಿಕ್ಷೆಯಲ್ಲಿಯೂ ವಿನಾಯಿತಿ ದೊರೆಯುತ್ತದೆ.

ಮಹಾರಾಷ್ಟ್ರಕ್ಕೆ ಈ ಪ್ರಯೋಗ ಹೊಸತಲ್ಲ. 1939ರಲ್ಲಿಯೇ ಔಂಧ ಸಂಸ್ಥಾನವು ಆಟಪಾಡಿಯ ಬಳಿ ಸ್ವತಂತ್ರಪುರವನ್ನು ಸ್ಥಾಪಿಸಿ, ಕೈದಿಗಳನ್ನು ನಂಬಿ ಬೇಸಾಯಕ್ಕೆ ಹಚ್ಚಿತು. ವಿ. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಅದೇ.

ಓಡಿಹೋಗಲು ಎಡೆಯಿದ್ದೂ ಓಡದೆ ದುಡಿದವನು, ಬಿಡುಗಡೆಯಾದ ಮೇಲೆ ಕೆಲಸ ಕೇಳಿ ಬರುವುದು ನಮ್ಮಂಥವರ ಹೋಟೆಲಿನ ಬಾಗಿಲಿಗೆ. “ಇಷ್ಟು ವರ್ಷ ಎಲ್ಲಿದ್ದೆ?” ಎಂದು ನಾವು ಕೇಳುತ್ತೇವೆ. ನಿಜ ನುಡಿದರೆ ಕೆಲಸವಿಲ್ಲ. ಸುಳ್ಳಾಡಿದರೆ ಹೊಸ ಬಾಳು ಸುಳ್ಳಿನಿಂದಲೇ ಆರಂಭ.

ಊರು ಬಿಟ್ಟು ಬಂದು, ಪರಿಚಯಪತ್ರವಿಲ್ಲದೆ ಲೋಟ ತೊಳೆದು, ಯಾರೋ ಒಬ್ಬರ ನಂಬಿಕೆಯಿಂದ ಮೇಲೆ ಬಂದವರು ನಾವು. ಅಂಥವನಿಗೊಂದು ಅವಕಾಶವೀಯುವ ಕರ್ತವ್ಯ ಗಲ್ಲೆಯ ಮೇಲೆ ಕುಳಿತ ನಮ್ಮದು. ಒಲೆಯ ಬಳಿ ಅವನನ್ನು ಜೊತೆಗಾರನೆಂದು ಸ್ವೀಕರಿಸುವ ಔದಾರ್ಯ ವಾಚಕ ಬಂಧುಗಳದು.